ಎದುರು ಗಾಳಿಯ ನಾವೆಗೆ ಲೆಕ್ಕ ಹಾಕಿದ ಮಹಾವೀರಾಚಾರ್ಯರು



ನಮ್ಮ ಬಸದಿಯಲ್ಲಿ ಪ್ರತಿ ಭಾನುವಾರ ಮಕ್ಕಳ ಪಾಠಶಾಲೆ ನಡೆಯುತ್ತದೆ. ಅಂಗಡಿಯ ಕೆಲಸದ ನಡುವೆ ಅಲ್ಲಿ ಸ್ವಯಂಸೇವಕನಾಗಿ ಓಡಾಡಿಕೊಂಡಿರುವವನು ನಾನು. ಕೆಲವು ವರ್ಷಗಳ ಹಿಂದೆ ಮಹಾವೀರ ಜಯಂತಿಯ ಸಮಾರಂಭದಲ್ಲಿ ಮಾತನಾಡುವಾಗ, ಪ್ರಪಂಚಕ್ಕೆ ಗಣಿತ ಕಲಿಸಿದವರಲ್ಲಿ ನಮ್ಮ ಮಹಾವೀರಾಚಾರ್ಯರೂ ಒಬ್ಬರು ಎಂದು ಹೆಮ್ಮೆಯಿಂದ ಹೇಳಿದೆ. ಚಪ್ಪಾಳೆಯೂ ಬಂತು. ಊಟದ ಹೊತ್ತಿಗೆ ಹತ್ತನೆಯ ತರಗತಿಯ ಒಬ್ಬ ಹುಡುಗಿ ಬಳಿಗೆ ಬಂದು, ಆ ಆಚಾರ್ಯರು ಮಾಡಿದ ಲೆಕ್ಕ ಒಂದನ್ನು ಹೇಳಿಕೊಡಿ ಅಜ್ಜ, ನಾಳೆ ಶಾಲೆಯಲ್ಲಿ ಹೇಳುತ್ತೇನೆ ಎಂದಳು. ನನಗೆ ಒಂದೂ ಗೊತ್ತಿರಲಿಲ್ಲ. ಹೆಸರು ಗೊತ್ತಿತ್ತು, ಚಪ್ಪಾಳೆ ಗೊತ್ತಿತ್ತು, ಲೆಕ್ಕ ಗೊತ್ತಿರಲಿಲ್ಲ. ಅವಳಿಗೇ ಆಗ ದೋಣಿಯ ಲೆಕ್ಕ ಅರ್ಥವಾಗದೆ ತಲೆನೋವಾಗಿತ್ತಂತೆ. ಹೊಳೆಯ ಹರಿವಿನ ಜೊತೆ ಹೋಗುವ ದೋಣಿ, ಹರಿವಿಗೆ ಎದುರಾಗಿ ಬರುವ ದೋಣಿ. ಅದನ್ನೂ ನಾನು ಹೇಳಿಕೊಡಲಾಗಲಿಲ್ಲ.

ಆ ನಾಚಿಕೆಯಿಂದಲೇ ಗಣಿತಸಾರಸಂಗ್ರಹವನ್ನು ಓದಲು ಕೂತೆ. ನಾನು ಓದಿದ್ದು ಪಿಯುಸಿವರೆಗೆ ಮಾತ್ರ. ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾನ್ಯಖೇಟದ ಕಾಲ

ಮಹಾವೀರಾಚಾರ್ಯರು ಬಾಳಿದ್ದು ಒಂಬತ್ತನೆಯ ಶತಮಾನದಲ್ಲಿ. ಅವರ ಗ್ರಂಥದ ಕಾಲವನ್ನು ವಿದ್ವಾಂಸರು ಕ್ರಿ.ಶ. 850ರ ಸುಮಾರು ಎಂದು ಹೇಳುತ್ತಾರೆ. ಆಗ ನಮ್ಮ ನಾಡನ್ನು ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದು ಸುಮಾರು 64 ವರ್ಷ ರಾಜ್ಯವಾಳಿದ ದೊರೆ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿದೆ. ಹಳೆಯ ಕೋಟೆಯ ಗೋಡೆಗಳೂ ನೇಮಿನಾಥ ಬಸದಿಯೂ ಇಂದಿಗೂ ಅಲ್ಲಿವೆ.

ಆ ಕಾಲ ನಮ್ಮ ಧರ್ಮಕ್ಕೂ ವಿದ್ಯೆಗೂ ದೊಡ್ಡ ಕಾಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಧವಳಾ ಟೀಕೆಯನ್ನು ಬರೆದರು. ಅವರು ಆರಂಭಿಸಿದ ಜಯಧವಳೆಯನ್ನು ಶಿಷ್ಯರಾದ ಜಿನಸೇನಾಚಾರ್ಯರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಆದಿಪುರಾಣವನ್ನು ರಚಿಸಿದವರೂ ಜಿನಸೇನರೇ. ಶಾಕಟಾಯನರ ವ್ಯಾಕರಣ, ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ, ಇವೆಲ್ಲ ಅದೇ ಕಾಲದವು. ಪುರಾಣ, ವ್ಯಾಕರಣ, ಕಾವ್ಯಶಾಸ್ತ್ರಗಳ ಸಾಲಿನಲ್ಲಿ ಗಣಿತವನ್ನೂ ತಂದು ಕೂರಿಸಿದವರು ಮಹಾವೀರಾಚಾರ್ಯರು.

ತಮ್ಮ ತಂದೆತಾಯಿ, ಊರು, ಮನೆತನಗಳ ಬಗ್ಗೆ ಅವರು ಗ್ರಂಥದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ಆರಂಭದಲ್ಲಿ ವರ್ಧಮಾನ ಜಿನೇಂದ್ರನಿಗೆ ನಮಸ್ಕಾರವಿದೆ. ಸಂಖ್ಯಾಜ್ಞಾನವೆಂಬ ದೀಪದಿಂದ ಲೋಕವನ್ನು ಬೆಳಗಿದವನು ಎಂದು ಆತನನ್ನು ನೆನೆಯುತ್ತಾರೆ. ಆಮೇಲೆ ನೃಪತುಂಗನ ಪ್ರಶಂಸೆ ಬರುತ್ತದೆ, ಅದರಲ್ಲಿ ಅವನನ್ನು ಸ್ಯಾದ್ವಾದವನ್ನು ಎತ್ತಿಹಿಡಿದವನೆಂದೂ ಹೊಗಳಿದ್ದಾರೆ. ತಮ್ಮ ಪಾಲಿಗೆ ಇಟ್ಟುಕೊಂಡ ಮಾತು ತುಂಬ ಸಣ್ಣದು. ಹಿಂದಿನ ಗುರುಗಳ ಜ್ಞಾನದಿಂದ, ಕಡಲಿನಿಂದ ರತ್ನವನ್ನೂ ಕಲ್ಲಿನಿಂದ ಚಿನ್ನವನ್ನೂ ಸಿಂಪಿನಿಂದ ಮುತ್ತನ್ನೂ ತೆಗೆಯುವ ಹಾಗೆ, ಸಾರವನ್ನಷ್ಟೇ ಆರಿಸಿ ಕೊಡುತ್ತಿದ್ದೇನೆ ಎಂಬ ಅರ್ಥದ ಮಾತು ಅದು. ಗ್ರಂಥದ ಹೆಸರಿನಲ್ಲೂ ಸಾರಸಂಗ್ರಹವೆಂದೇ ಇದೆ.

ಲೆಕ್ಕಕ್ಕೇ ಮೀಸಲಾದ ಗ್ರಂಥ

ಅವರಿಗಿಂತ ಮೊದಲು ಆರ್ಯಭಟರು 499ರಲ್ಲಿ, ಬ್ರಹ್ಮಗುಪ್ತರು 628ರಲ್ಲಿ ಬರೆದ ಗ್ರಂಥಗಳು ಪ್ರಸಿದ್ಧ. ಆದರೆ ಅವು ಮುಖ್ಯವಾಗಿ ಗ್ರಹ ನಕ್ಷತ್ರಗಳ ಶಾಸ್ತ್ರ, ಗಣಿತ ಅಲ್ಲಿ ಕೆಲವು ಅಧ್ಯಾಯ ಮಾತ್ರ. ಗಣಿತಸಾರಸಂಗ್ರಹ ಮೊದಲಿನಿಂದ ಕೊನೆಯವರೆಗೆ ಗಣಿತವೇ. ಭಾಷೆ ಸಂಸ್ಕೃತ. ಒಂಬತ್ತು ಅಧ್ಯಾಯ, ಸಾವಿರದ ನೂರಕ್ಕೂ ಹೆಚ್ಚು ಶ್ಲೋಕ.

ಗಣಿತ ಎಲ್ಲೆಲ್ಲಿ ಬೇಕು ಎಂದು ಆರಂಭದಲ್ಲೇ ಪಟ್ಟಿ ಕೊಡುತ್ತಾರೆ. ವ್ಯವಹಾರ, ಸಂಗೀತ, ನಾಟಕ, ಅಡುಗೆ, ವೈದ್ಯ, ಮನೆ ಕಟ್ಟುವುದು, ಛಂದಸ್ಸು, ತರ್ಕ, ವ್ಯಾಕರಣ, ಗ್ರಹಚಲನೆ, ದ್ವೀಪ ಸಮುದ್ರಗಳ ಅಳತೆ ಎಲ್ಲವೂ ಅದರಲ್ಲಿವೆ. ಮೊದಲ ಅಧ್ಯಾಯದಲ್ಲಿ ಅಳತೆಗಳನ್ನು ಹೇಳುವಾಗ ನಮ್ಮ ಆಗಮದ ಮಾತುಗಳೇ ಬರುತ್ತವೆ. ಪರಮಾಣುವಿನಿಂದ ಉದ್ದದ ಅಳತೆ ಶುರು, ಸಮಯದಿಂದ ಕಾಲದ ಅಳತೆ ಶುರು. 7 ಉಚ್ಛ್ವಾಸಕ್ಕೆ ಒಂದು ಸ್ತೋಕ, 7 ಸ್ತೋಕಕ್ಕೆ ಒಂದು ಲವ, 38½ ಲವಕ್ಕೆ ಒಂದು ಘಳಿಗೆ, ಎರಡು ಘಳಿಗೆಗೆ ಒಂದು ಮುಹೂರ್ತ. ಗುಣಿಸಿ ನೋಡಿದರೆ ಒಂದು ಮುಹೂರ್ತಕ್ಕೆ 3773 ಉಚ್ಛ್ವಾಸ. ನಾವು 48 ನಿಮಿಷ ಸಾಮಾಯಿಕಕ್ಕೆ ಕೂರುತ್ತೇವಲ್ಲ, ಅದೇ ಮುಹೂರ್ತ. ಸಂಖ್ಯೆಯ ಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ 24 ಹೆಸರುಗಳಲ್ಲಿ ಹೇಳಿದ್ದಾರೆ.

ಮಕ್ಕಳಿಗೆ ಬಹಳ ಇಷ್ಟವಾಗುವುದು ಅವರ ಸಂಖ್ಯೆಯ ಹಾರಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಮನೆಯಲ್ಲಿ ಮಕ್ಕಳಿಂದ ಕಾಗದದ ಮೇಲೆ ಮಾಡಿಸಿ ನೋಡಿ, ಕೊನೆಯ ಸಾಲು ಬರೆಯುವಾಗ ಅವರ ಮುಖವನ್ನೂ ನೋಡಿ.

ವ್ಯಾಪಾರಿಯಾದ ನನಗೆ ಹಿಡಿಸಿದ್ದು ಹಣದ ಗಂಟಿನ ಲೆಕ್ಕ. ಮೂವರು ವ್ಯಾಪಾರಿಗಳು ದಾರಿಯಲ್ಲಿ ಬಿದ್ದಿದ್ದ ಗಂಟೊಂದನ್ನು ನೋಡುತ್ತಾರೆ. ಅದು ಮೊದಲನೆಯವನಿಗೆ ಸಿಕ್ಕರೆ ಅವನ ಹಣ ಉಳಿದಿಬ್ಬರ ಹಣ ಸೇರಿಸಿದ್ದಕ್ಕಿಂತ ಎರಡರಷ್ಟು, ಎರಡನೆಯವನಿಗೆ ಸಿಕ್ಕರೆ ಮೂರರಷ್ಟು, ಮೂರನೆಯವನಿಗೆ ಸಿಕ್ಕರೆ ಐದರಷ್ಟು ಆಗುತ್ತದೆ. ಗಂಟಿನಲ್ಲಿ ಎಷ್ಟಿತ್ತು, ಅವರ ಬಳಿ ಎಷ್ಟೆಷ್ಟಿತ್ತು? ಗಂಟಿನಲ್ಲಿ 15, ಅವರ ಬಳಿ 1, 3, 5 ಎಂದಿಟ್ಟು ತಾಳೆ ನೋಡಿ. 16 ಎಂಬುದು 8ರ ಎರಡರಷ್ಟು, 18 ಎಂಬುದು 6ರ ಮೂರರಷ್ಟು, 20 ಎಂಬುದು 4ರ ಐದರಷ್ಟು. ಸರಿಹೋಯಿತು.

ಎದುರು ಗಾಳಿಯ ನಾವೆ

ಇನ್ನು ಆ ಹುಡುಗಿಯ ದೋಣಿಗೆ ಬರೋಣ. ತ್ರೈರಾಶಿಕದ ಅಧ್ಯಾಯದಲ್ಲಿ ಗತಿನಿವೃತ್ತಿ ಎಂಬ ಭಾಗವಿದೆ. ಮುಂದಕ್ಕೆ ಹೋಗುವುದು ಗತಿ, ಹಿಂದಕ್ಕೆ ಬರುವುದು ನಿವೃತ್ತಿ. ಒಂದೇ ವಸ್ತುವಿಗೆ ಎರಡೂ ಇದ್ದಾಗ, ಒಂದು ದಿನದ ಮುನ್ನಡೆಯಲ್ಲಿ ಒಂದು ದಿನದ ಹಿನ್ನಡೆಯನ್ನು ಕಳೆ, ಉಳಿದದ್ದೇ ನಿಜವಾದ ನಡೆ, ಅದರಿಂದ ತ್ರೈರಾಶಿಕ ಮಾಡು ಎಂಬುದು ಅಲ್ಲಿಯ ನಿಯಮ. ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಸಮುದ್ರದ ಮೇಲಿನ ನಾವೆಯೂ ಒಂದು. ನಾವೆ ಮುಂದಕ್ಕೆ ಹೋಗುತ್ತದೆ, ಎದುರು ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಇಷ್ಟು ದೂರ ಹೋಗಲು ಎಷ್ಟು ಕಾಲ ಬೇಕು? ಅವರ ಉದಾಹರಣೆಯಲ್ಲಿ ಭಿನ್ನರಾಶಿಗಳು ತುಂಬ ಇವೆ. ಸುಲಭವಾಗಲೆಂದು ನನ್ನದೇ ಅಂಕಿ ಇಡುತ್ತೇನೆ. ದಿನಕ್ಕೆ 9 ಕ್ರೋಶ ಮುಂದೆ, 4 ಕ್ರೋಶ ಹಿಂದೆ ಎಂದರೆ ದಿನದ ನಿಜವಾದ ನಡೆ 5 ಕ್ರೋಶ. 100 ಕ್ರೋಶಕ್ಕೆ 20 ದಿನ.

ಅದೇ ಭಾಗದ ಕರಿನಾಗರದ ಲೆಕ್ಕ ಹೆಸರುವಾಸಿ. ಹಾವು ಒಂದು ದಿನದ 14ರಲ್ಲಿ 5 ಭಾಗದ ಹೊತ್ತಿನಲ್ಲಿ 7½ ಅಂಗುಲ ಬಿಲದೊಳಗೆ ಹೋಗುತ್ತದೆ. ಅದೇ ವೇಳೆ ಕಾಲು ದಿನಕ್ಕೆ 2¾ ಅಂಗುಲದಂತೆ ಅದರ ಬಾಲ ಬೆಳೆಯುತ್ತದೆ. ಪೂರ್ತಿ ಒಳಗೆ ಹೋಗುವುದು ಯಾವಾಗ? ದಿನದ ಲೆಕ್ಕಕ್ಕೆ ತಂದರೆ ಒಳಗೆ ಹೋಗುವುದು 21 ಅಂಗುಲ, ಬೆಳೆಯುವುದು 11 ಅಂಗುಲ, ಉಳಿಯುವುದು 10. ಹಾವು 80 ಅಂಗುಲದ್ದಾದರೆ 8 ದಿನ. ನಾವೆಗೆ ಗಾಳಿ, ಹಾವಿಗೆ ತನ್ನ ಬಾಲವೇ. ಕಥೆ ಬೇರೆ, ಲೆಕ್ಕ ಒಂದೇ.

ಸಂಕ್ರಮಣ ಎಂಬ ಬೀಗದ ಕೈ

ಶಾಲೆಯ ದೋಣಿ ಲೆಕ್ಕದಲ್ಲಿ ಸಾಮಾನ್ಯವಾಗಿ ತಿರುಗಿಸಿ ಕೇಳುತ್ತಾರೆ. ಒಂದು ದೋಣಿ ಹರಿವಿನ ದಿಕ್ಕಿನಲ್ಲಿ 24 ಕಿ.ಮೀ. ದೂರವನ್ನು 2 ಗಂಟೆಯಲ್ಲಿ ಕ್ರಮಿಸುತ್ತದೆ. ಅದೇ ದೂರವನ್ನು ಹರಿವಿನ ವಿರುದ್ಧ ಬರಲು 3 ಗಂಟೆ ಬೇಕು. ನಿಂತ ನೀರಿನಲ್ಲಿ ದೋಣಿಯ ವೇಗವೆಷ್ಟು, ನೀರಿನ ವೇಗವೆಷ್ಟು?

ಮೊದಲು ಗಂಟೆಯ ಲೆಕ್ಕಕ್ಕೆ ತನ್ನಿ. ಹೋಗುವಾಗ 12, ಬರುವಾಗ 8. ಹೋಗುವಾಗಿನ 12ರಲ್ಲಿ ದೋಣಿಯ ವೇಗಕ್ಕೆ ನೀರಿನ ವೇಗ ಕೂಡಿದೆ. ಬರುವಾಗಿನ 8ರಲ್ಲಿ ದೋಣಿಯ ವೇಗದಿಂದ ನೀರಿನ ವೇಗ ಕಳೆದಿದೆ. ಅಂದರೆ ಎರಡು ಸಂಖ್ಯೆಗಳ ಮೊತ್ತ 12, ವ್ಯತ್ಯಾಸ 8, ಆ ಸಂಖ್ಯೆಗಳು ಯಾವುವು ಎಂಬುದೇ ಪ್ರಶ್ನೆ.

ಮಹಾವೀರಾಚಾರ್ಯರು ಮಿಶ್ರಕ ವ್ಯವಹಾರದ ಅಧ್ಯಾಯವನ್ನು ಶುರು ಮಾಡುವುದೇ ಈ ವಿಧಾನದಿಂದ. ಇದರ ಹೆಸರು ಸಂಕ್ರಮಣ. ಮೊತ್ತಕ್ಕೆ ವ್ಯತ್ಯಾಸವನ್ನು ಕೂಡಿಸಿ ಅರ್ಧ ಮಾಡಿದರೆ ದೊಡ್ಡದು, ಕಳೆದು ಅರ್ಧ ಮಾಡಿದರೆ ಚಿಕ್ಕದು. 12 ಮತ್ತು 8 ಸೇರಿ 20, ಅದರ ಅರ್ಧ 10, ಇದು ದೋಣಿಯ ವೇಗ. 12ರಲ್ಲಿ 8 ಹೋದರೆ 4, ಅದರ ಅರ್ಧ 2, ಇದು ನೀರಿನ ವೇಗ. ಮುಗಿಯಿತು.

ಅರ್ಧ ಮಾಡುವುದು ಯಾಕೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಹೋಗುವ ವೇಗವನ್ನೂ ಬರುವ ವೇಗವನ್ನೂ ಕೂಡಿಸಿದಾಗ ನೀರು ಒಮ್ಮೆ ಕೊಟ್ಟದ್ದು, ಒಮ್ಮೆ ಕಿತ್ತುಕೊಂಡದ್ದು, ಎರಡೂ ವಜಾ ಆಗಿಹೋಗುತ್ತವೆ. ಉಳಿಯುವುದು ದೋಣಿಯ ವೇಗ ಎರಡು ಸಲ. ಅದಕ್ಕೇ ಅರ್ಧ. ನಾನು ಓದುವಾಗ ಈ ಸೂತ್ರವನ್ನು ಬಾಯಿಪಾಠ ಮಾಡಿ ಬರೆದಿದ್ದೆ. ಅಂಕ ಬಂದಿತ್ತು, ಅರ್ಥ ಬಂದಿರಲಿಲ್ಲ. ಆದರೆ ಅಂಗಡಿಯಲ್ಲಿ ನಲವತ್ತು ವರ್ಷ ಇದನ್ನೇ ಮಾಡುತ್ತಾ ಬಂದಿದ್ದೆ. ಎರಡು ಮೂಟೆ ಸೇರಿ 90 ಕೆ.ಜಿ., ಒಂದು ಇನ್ನೊಂದಕ್ಕಿಂತ 10 ಕೆ.ಜಿ. ಹೆಚ್ಚು ಎಂದರೆ 50 ಮತ್ತು 40 ಎಂದು ಬಾಯಲ್ಲೇ ಹೇಳುತ್ತಿದ್ದೆ. ಅದು ಸಂಕ್ರಮಣ ಎಂದು ತಿಳಿದದ್ದು ಅರವತ್ತು ದಾಟಿದ ಮೇಲೆ.

ಈ ವಿಧಾನವನ್ನು ಮೊದಲು ಕಂಡುಹಿಡಿದವರು ಮಹಾವೀರಾಚಾರ್ಯರೇ ಎಂದು ಹೇಳುವುದು ಸರಿಯಲ್ಲ. ಬ್ರಹ್ಮಗುಪ್ತರ ಗ್ರಂಥದಲ್ಲೂ ಸಂಕ್ರಮಣವಿದೆ. ಅದನ್ನು ಕಲಿಯುವವರ ಕೈಗೆ ಎಟುಕುವಂತೆ ಅಧ್ಯಾಯದ ಬಾಗಿಲಲ್ಲೇ ಇಟ್ಟದ್ದು ಅವರ ಗುರುತನ.

ಮಕ್ಕಳು ಇನ್ನೊಂದು ಕಡೆ ತಪ್ಪುತ್ತಾರೆ. ದೂರವೇ ಗೊತ್ತಿಲ್ಲ, ದೋಣಿಯ ವೇಗ 10, ನೀರಿನ ವೇಗ 2, ಹೋಗಿ ಬರಲು ಒಟ್ಟು 5 ಗಂಟೆ ಎಂದರೆ ದೂರವೆಷ್ಟು? ಸರಾಸರಿ ವೇಗ 10 ಎಂದು ಹಿಡಿದು 5 ಗಂಟೆಗೆ 50, ಒಂದು ದಿಕ್ಕಿಗೆ 25 ಎಂದು ಬರೆದುಬಿಡುತ್ತಾರೆ. ಅದು ತಪ್ಪು. ನಿಧಾನವಾಗಿ ಬರುವ ದಾರಿಯಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ ಸರಾಸರಿ 10ಕ್ಕಿಂತ ಕಡಿಮೆಯೇ ಆಗುತ್ತದೆ. ದೂರದ 12ನೆಯ ಒಂದು ಭಾಗ ಹೋಗುವ ಗಂಟೆ, 8ನೆಯ ಒಂದು ಭಾಗ ಬರುವ ಗಂಟೆ. ಛೇದಗಳು ಬೇರೆ ಬೇರೆ ಇದ್ದಾಗ 12ಕ್ಕೂ 8ಕ್ಕೂ ಹೊಂದುವ ಚಿಕ್ಕ ಸಂಖ್ಯೆ 24ನ್ನು ತೆಗೆದುಕೊಳ್ಳಬೇಕು. ಆಗ ದೂರದ 24ರಲ್ಲಿ 5 ಭಾಗ ಎಂದರೆ 5 ಗಂಟೆ. ಆದ್ದರಿಂದ ದೂರ 24 ಕಿ.ಮೀ. ಶಾಲೆಯಲ್ಲಿ ಲ.ಸಾ.ಅ. ಎಂದು ಕರೆಯುವ ಇದಕ್ಕೆ ಮಹಾವೀರಾಚಾರ್ಯರು ಇಟ್ಟ ಹೆಸರು ನಿರುದ್ಧ. ಭಿನ್ನರಾಶಿ ಕೂಡಿಸಲು ಅದನ್ನು ಬಳಸುವ ಕ್ರಮವನ್ನು ಸ್ಪಷ್ಟವಾಗಿ ಹೇಳಿಕೊಟ್ಟದ್ದು ಅವರ ದೊಡ್ಡ ಕೊಡುಗೆ.

ವರ್ಗ ಸಮೀಕರಣದ ಲೆಕ್ಕಗಳಿಗೂ ದೋಣಿ ಬರುತ್ತದೆ. ನಿಂತ ನೀರಿನಲ್ಲಿ 18 ಕಿ.ಮೀ. ವೇಗದ ದೋಣಿ 24 ಕಿ.ಮೀ. ಹರಿವಿನ ವಿರುದ್ಧ ಹೋಗಲು, ಹಿಂದಿರುಗುವುದಕ್ಕಿಂತ 1 ಗಂಟೆ ಹೆಚ್ಚು ತೆಗೆದುಕೊಂಡರೆ ನೀರಿನ ವೇಗವೆಷ್ಟು? ಸಮೀಕರಣ ಬಿಡಿಸಿದರೆ 6 ಎಂದೂ ಋಣ 54 ಎಂದೂ ಎರಡು ಉತ್ತರ ಬರುತ್ತವೆ. ಇಲ್ಲಿ ವೇಗ ಋಣವಾಗದು, ಆದ್ದರಿಂದ 6. ವಿರುದ್ಧ ಹೋಗುವಾಗ 12ರ ವೇಗದಲ್ಲಿ 2 ಗಂಟೆ, ಹಿಂದಿರುಗುವಾಗ 24ರ ವೇಗದಲ್ಲಿ 1 ಗಂಟೆ. ತಾಳೆ ಬಿತ್ತು. ಇಂಥ ಲೆಕ್ಕಗಳಲ್ಲಿ ವರ್ಗಮೂಲ ತೆಗೆಯಬೇಕಾಗುತ್ತದೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರಾಚಾರ್ಯರು ಅಂದೇ ಸ್ಪಷ್ಟವಾಗಿ ಬರೆದಿದ್ದರು. ಕೆಲವು ವಸ್ತುಗಳಿಂದ ಇಂತಿಷ್ಟನ್ನು ಎಷ್ಟು ವಿಧದಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ನಿಯಮವನ್ನೂ ಕೊಟ್ಟಿದ್ದಾರೆ. ಪಿಯುಸಿ ಮಕ್ಕಳು ಇಂದು ಅದನ್ನೇ ಓದುತ್ತಾರೆ.

ತಪ್ಪನ್ನೂ ತಿಳಿಯೋಣ

ಅವರಲ್ಲಿ ತಪ್ಪೂ ಇದೆ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಬರೆದಿದ್ದಾರೆ. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ, ಸೊನ್ನೆಯಿಂದ ಭಾಗಿಸುವಂತೆಯೇ ಇಲ್ಲ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ವಸ್ತು ಇದ್ದ ಹಾಗೆ ತಿಳಿಯುವುದೇ ಸಮ್ಯಕ್ ಜ್ಞಾನ ಎಂದು ಕಲಿತವರು ನಾವು. ಎಲ್ಲವನ್ನೂ ನಮ್ಮವರೇ ಕಂಡುಹಿಡಿದರು ಎಂದು ವೇದಿಕೆಯಲ್ಲಿ ಹೇಳುವುದಕ್ಕಿಂತ, ಅವರು ಹೇಳಿದ್ದರಲ್ಲಿ ಸರಿ ಯಾವುದು, ತಪ್ಪು ಯಾವುದು ಎಂದು ತಿಳಿದು ಹೇಳಿದರೆ ಆ ಹಿರಿಯರಿಗೆ ನಿಜವಾದ ಗೌರವ.

ಗ್ರಂಥ ನಮ್ಮ ಕೈಗೆ ಬಂದ ಬಗೆ

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದು ಲೆಕ್ಕವನ್ನು ಮನೆಮಾತಿಗೆ ಇಳಿಸಿದನು. ಆಮೇಲೆ ಶತಮಾನಗಳ ಕಾಲ ಗಣಿತಸಾರಸಂಗ್ರಹ ಉಳಿದದ್ದು ತಾಳೆಗರಿಗಳಲ್ಲಿ. ಅವುಗಳಲ್ಲಿ ಕನ್ನಡ ಲಿಪಿಯ ಪ್ರತಿಗಳೂ ಇದ್ದವು. ಮದ್ರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ತಾಳೆಗರಿಗಳನ್ನು ಹೋಲಿಸಿ ನೋಡಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಅಚ್ಚು ಹಾಕಿಸಿದರು. ಆಗಲೇ ಹೊರದೇಶಗಳ ವಿದ್ವಾಂಸರಿಗೂ ಈ ಗ್ರಂಥದ ಪರಿಚಯವಾಯಿತು. 1963ರಲ್ಲಿ ಸೊಲ್ಲಾಪುರದಿಂದ ಎಲ್.ಸಿ. ಜೈನ್ ಅವರ ಹಿಂದಿ ಅನುವಾದ ಬಂತು. 2000ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆ ಪ್ರಕಟಿಸಿತು. ಮಾನ್ಯಖೇಟದ ಕಾಲದ ಗ್ರಂಥ ಕನ್ನಡಿಗರ ಕೈಗೆ ಕನ್ನಡದಲ್ಲೇ ಸಿಗುವಂತಾಯಿತು.

ಪಾಠಶಾಲೆಗಳಿಗೆ ಒಂದು ವಿನಂತಿ

ಶಾಸ್ತ್ರದಾನವೆಂದರೆ ಗ್ರಂಥವನ್ನು ಕೊಟ್ಟು ಬಿಡುವುದಷ್ಟೇ ಅಲ್ಲ. ತಾಳೆಗರಿಗಳನ್ನು ನಕಲು ಮಾಡಿ ಉಳಿಸಿದ ನಮ್ಮ ಹಿರಿಯರು, ಮುಂದೆ ಯಾರಾದರೂ ಓದುತ್ತಾರೆ ಎಂದೇ ಆ ಶ್ರಮ ಪಟ್ಟರು. ಯಾರೂ ಓದದಿದ್ದರೆ ಆಚಾರ್ಯರ ಹೆಸರು ಬ್ಯಾನರಿನಲ್ಲಿ ಉಳಿಯುತ್ತದೆ, ಲೆಕ್ಕ ಉಳಿಯುವುದಿಲ್ಲ.

ಆದ್ದರಿಂದ ಪ್ರತಿ ಊರಿನ ಪಾಠಶಾಲೆಯಲ್ಲಿ ತಿಂಗಳಿಗೆ ಒಂದು ದಿನ, ಅರ್ಧ ಗಂಟೆ, ಮಹಾವೀರಾಚಾರ್ಯರ ಒಂದು ಲೆಕ್ಕ ಮಾಡಿಸಿ ಎಂಬುದು ನನ್ನ ವಿನಂತಿ. ಮೊದಲ ತಿಂಗಳು ಸಂಖ್ಯೆಯ ಹಾರ, ಎರಡನೆಯ ತಿಂಗಳು ಹಣದ ಗಂಟು, ಮೂರನೆಯ ತಿಂಗಳು ನಾವೆ ಮತ್ತು ದೋಣಿ. ಗಣಿತದ ಮೇಷ್ಟ್ರೇ ಬೇಕೆಂದಿಲ್ಲ. ಅಂಗಡಿ ನಡೆಸುವವರು, ಮನೆಯ ಖರ್ಚು ನೋಡಿಕೊಳ್ಳುವ ತಾಯಂದಿರು, ಯಾರೂ ಹೇಳಿಕೊಡಬಹುದು. ಲೆಕ್ಕ ತಮ್ಮ ಮನೆತನದ ವಿದ್ಯೆ ಎಂದು ತಿಳಿದ ಮಗು ಅದಕ್ಕೆ ಹೆದರುವುದಿಲ್ಲ.

ಆ ಹುಡುಗಿಗೆ ಮುಂದಿನ ವರ್ಷದ ಜಯಂತಿಯ ಹೊತ್ತಿಗೆ ಸಂಕ್ರಮಣವನ್ನು ಹೇಳಿಕೊಟ್ಟೆ. ಅಷ್ಟರಲ್ಲಿ ಅವಳ ಪರೀಕ್ಷೆ ಮುಗಿದು ಹೋಗಿತ್ತು. ತಡವಾಯಿತಲ್ಲಮ್ಮ ಎಂದೆ. ಅವಳು ಏನೂ ಹೇಳದೆ ತನ್ನ ತಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಕಾಗದದ ಮೇಲೆ 12, ಅದರ ಕೆಳಗೆ 8 ಎಂದು ಬರೆದು, ಕೂಡಿಸಿ ಅರ್ಧ ಮಾಡು ನೋಡೋಣ ಎಂದಳು.